ಬೆಟ್ಟ ಹತ್ತಿದ ಟಿವಿ

ಒಂದು ಕಡೆ ನದಿ, ಇನ್ನೊಂದು ಕಡೆ ಬೆಟ್ಟ, ನಡುವೆ ಆಶ್ರಮ. ಅಲ್ಲಿ ಹನ್ನೊಂದು ಮಕ್ಕಳು. ಮಕ್ಕಳನ್ನು ನೋಡಿಕೊಳ್ಳಲು ಶರ್ವಾಣಿ ಎಂಬ ಶಿಷ್ಯೆ. ಶರ್ವಾಣಿಯನ್ನು ನೋಡಿಕೊಳ್ಳಲು ಗುರು ಸಿದ್ಧಮ್ಮ. ಎಲ್ಲರ ಬಾಯಲ್ಲೂ ಆಕೆ ಅವ್ವ.

ಆಶ್ರಮದ್ದೊಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ, ನದಿಗೆ ಹೊಸ ನೀರು ಬಂದ ಮೇಲಿನ ಮೊದಲ ಹುಣ್ಣಿಮೆಯ ಬೆಳಿಗ್ಗೆ, ಮಕ್ಕಳು ಒಂದು ಬಿಂದಿಗೆ ನೀರನ್ನು ಇನ್ನೂರ ನಲವತ್ತು ಮೆಟ್ಟಿಲು ಹತ್ತಿಸಿ ಬೆಟ್ಟದ ಮೇಲಿನ ಆಲದ ಬುಡಕ್ಕೆ ಸುರಿಯಬೇಕು. ಕೈಯಿಂದ ಕೈಗೆ ಕೊಡಬಹುದು. ನೆಲಕ್ಕೆ ಇಡುವಂತಿಲ್ಲ. ದೊಡ್ಡವರು ಮುಟ್ಟುವಂತಿಲ್ಲ.

ಆ ವರ್ಷ ಬಿಂದಿಗೆ ತೊಂಬತ್ತನೇ ಮೆಟ್ಟಿಲಲ್ಲೇ ನೆಲ ಕಂಡಿತು. ಹಿಡಿದಿದ್ದ ಹತ್ತು ವರ್ಷದ ತುಂಗವ್ವ ಏದುಸಿರು ಬಿಡುತ್ತಾ ಕೂತುಬಿಟ್ಟಳು. ಉಳಿದವರು ಆಗಲೇ ಕೂತಾಗಿತ್ತು.

ವೈದ್ಯರು ಬಂದು ನೋಡಿದರು. "ಕಾಯಿಲೆ ಏನಿಲ್ಲ. ಮೈ ಬಳಸಿಲ್ಲ, ಅಷ್ಟೆ. ಹೀಗೇ ಬಿಟ್ಟರೆ ಕಾಯಿಲೆಯೂ ಬರುತ್ತೆ."

ಆಶ್ರಮದ ಹಿರಿಯರಾದ ರೇವಣಪ್ಪನವರು ಮೀಸೆ ತಿರುವಿದರು. "ಮುಂದಿನ ಸಲವೂ ಹೀಗಾದರೆ ಮಕ್ಕಳನ್ನು ಬೇರೆ ಕಡೆ ಕಳಿಸೋಣ. ಶರ್ವಾಣಿ ಕೈಲಿ ಆಗೋ ಕೆಲಸ ಅಲ್ಲ ಇದು."

ಅವ್ವ ಬೇಡ ಅನ್ನಲಿಲ್ಲ. ಶರ್ವಾಣಿಗೆ ಅನ್ನ ಸೇರಲಿಲ್ಲ.

ಮರುದಿನ ಅವಳು ಅವ್ವನ ಮುಂದೆ ಹೋಗಿ ನಿಂತಳು. "ತಪ್ಪೆಲ್ಲ ಆ ಟಿವಿಯದು, ಅವ್ವಾ."

"ಅದು ತಾನಾಗಿ ನಡಕೊಂಡು ಬಂತಾ?"

ಶರ್ವಾಣಿ ತಲೆ ತಗ್ಗಿಸಿದಳು. ಎರಡು ವರ್ಷದ ಹಿಂದೆ ಭಕ್ತರೊಬ್ಬರನ್ನು ಕೇಳಿ ತಂದವಳು ಅವಳೇ. ಆಗ ಮಕ್ಕಳು ಹೆಂಚು ಒಡೆಯುತ್ತಿದ್ದರು, ಮರದಿಂದ ಬೀಳುತ್ತಿದ್ದರು.

"ಸುಮ್ಮನೆ ಕೂತಿರಲಿ ಅಂತ ತಂದೆ."

"ಕೂತರಲ್ಲ."

ಶರ್ವಾಣಿ ಟಿವಿ ಕೋಣೆಗೆ ಬೀಗ ಹಾಕಿದಳು. ಮೂರನೇ ದಿನ ಹನ್ನೊಂದೂ ಮಕ್ಕಳು ಅಂಬಿಗನ ಮನೆಯಲ್ಲಿ ಸಿಕ್ಕರು, ಒಂದೇ ಮೊಬೈಲಿನ ಮೇಲೆ ನೊಣ ಮುತ್ತಿದ ಹಾಗೆ.

"ಯಾರಿಗಾದರೂ ಕೊಟ್ಟುಬಿಡಲಾ, ಅವ್ವಾ?"

"ಬೇಡ. ಮೇಲಿನ ಮಂಟಪದಲ್ಲಿ ಕರೆಂಟಿದೆ, ಅಲ್ಲಿಡು. ದಿನಾ ಸಂಜೆ ಒಂದು ಗಂಟೆ ನೋಡಲಿ."

"ಬೆಟ್ಟದ ಮೇಲಾ?"

"ಗಾಳಿ ಚೆನ್ನಾಗಿದೆ. ಅದಕ್ಕೂ ಒಳ್ಳೆಯದು."

"ಯಾರ ತಲೆ ಮೇಲೆ ಹೊರಿಸಲಿ?"

"ತಂದವರು ಯಾರು?"

ಬೆನ್ನು ಹಲಸಿನ ಹಣ್ಣಿನಂತೆ ಉಬ್ಬಿದ ಹಳೇ ಟಿವಿ ಅದು. ಶರ್ವಾಣಿ ಸಿಂಬೆ ಸುತ್ತಿ ತಲೆಗೇರಿಸಿಕೊಂಡಳು. ಮಕ್ಕಳು ಹಿಂದೆ ಹೊರಟರು. ಎಂಬತ್ತು ಮೆಟ್ಟಿಲಿಗೆ ಕಾಲು ನಡುಗಿತು. ತೊಂಬತ್ತಕ್ಕೆ ಉಸಿರು ಕಟ್ಟಿತು. ಇಳಿಸಲೆಂದು ಬಗ್ಗಿದಳು.

"ಅಕ್ಕಾ," ಹಿಂದಿನಿಂದ ತುಂಗವ್ವ ಹೇಳಿದಳು, "ನೆಲಕ್ಕೆ ಇಡೋ ಹಾಗಿಲ್ಲ."

ಮಕ್ಕಳು ಕಿಸಕ್ಕೆಂದರು. ಎರಡು ವರ್ಷ ಅವರ ಹಿಂದಿನ ಸಾಲಿನಲ್ಲಿ ಕೂತು ಒಂದೂ ಧಾರಾವಾಹಿ ಬಿಡದೆ ನೋಡಿದವಳು ಯಾರೆಂದು ಶರ್ವಾಣಿಗೆ ಆಗ ನೆನಪಾಯಿತು. ತುಟಿ ಕಚ್ಚಿ ಎದ್ದಳು.

ಮೊದಲ ವಾರ ಮಕ್ಕಳು ಶಾಪ ಹಾಕುತ್ತಲೇ ಹತ್ತಿದರು. ಮೇಲೆ ಮುಟ್ಟುವಾಗ ಅರ್ಧ ಕಾರ್ಯಕ್ರಮ ಮುಗಿದಿರುತ್ತಿತ್ತು. ಆಮೇಲೆ ಓಡತೊಡಗಿದರು. ಮೊದಲು ಮುಟ್ಟಿದವರ ಕೈಗೆ ರಿಮೋಟು.

ಚಳಿಗಾಲದ ಹೊತ್ತಿಗೆ ದಾರಿಯಲ್ಲೊಂದು ನೆಲ್ಲಿಮರ ಸಿಕ್ಕಿತು. ಮರದ ಪಕ್ಕ ಜಾರುವ ಬಂಡೆ ಸಿಕ್ಕಿತು. ಕಾರ್ಯಕ್ರಮ ಮತ್ತೆ ತಪ್ಪತೊಡಗಿತು. ಈ ಸಲ ಯಾರೂ ಶಾಪ ಹಾಕಲಿಲ್ಲ.

ಬೇಸಿಗೆಯಲ್ಲಿ ಅಡುಗೆಮನೆಯ ಮೂರು ಹೆಂಚು ಒಡೆದವು. ಶರ್ವಾಣಿ ಬೈಯಲು ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು.

ಹೊಸ ನೀರು ಬಂತು. ಹುಣ್ಣಿಮೆಯೂ ಬಂತು.

ಬಿಂದಿಗೆ ನದಿಯಿಂದೆದ್ದು ಕೈಯಿಂದ ಕೈಗೆ ಏರಿತು. ತೊಂಬತ್ತನೇ ಮೆಟ್ಟಿಲಲ್ಲಿ ತುಂಗವ್ವನ ಸೊಂಟಕ್ಕೆ ಬಂತು. ಮುಂದಿನ ಹುಡುಗಿ ಕೈ ಚಾಚಿದಳು.

"ತಾಳೇ, ಅವಸರವೇನು?" ಅಂದಳು ತುಂಗವ್ವ. ಮತ್ತೆ ಅರವತ್ತು ಮೆಟ್ಟಿಲು ಹತ್ತಿದ ಮೇಲೆಯೇ ಬಿಂದಿಗೆ ಕೊಟ್ಟಳು.

ಆಲದ ಬುಡಕ್ಕೆ ನೀರು ಬಿದ್ದಾಗ ರೇವಣಪ್ಪನವರು ಇನ್ನೂ ನೂರಾ ಇಪ್ಪತ್ತನೇ ಮೆಟ್ಟಿಲಲ್ಲಿ ಮಂಡಿ ಹಿಡಿದು ನಿಂತಿದ್ದರು. ಖಾಲಿ ಬಿಂದಿಗೆ ಹಿಡಿದು ಕೇಕೆ ಹಾಕುತ್ತಾ ಮಕ್ಕಳು ಅವರ ಪಕ್ಕದಲ್ಲೇ ಇಳಿದು ಓಡಿದರು.

"ಎಲ್ಲಿಗ್ರೋ?"

"ಇನ್ನೊಂದು ಬಿಂದಿಗೆ ತರೋದಕ್ಕೆ, ಅಜ್ಜಾ."

"ಪದ್ಧತಿ ಒಂದೇ ಬಿಂದಿಗೆಯದಲ್ಲವೇನ್ರೋ?"

ಉತ್ತರ ಹೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಶರ್ವಾಣಿ ಕಣ್ಣೊರೆಸಿಕೊಂಡು ಮಂಟಪಕ್ಕೆ ಬಂದಳು. ಬೆಳಿಗ್ಗೆ ಯಾರೋ ಹಾಕಿದ್ದ ಟಿವಿ ಖಾಲಿ ಚಾಪೆಯ ಮುಂದೆ ತನ್ನ ಪಾಡಿಗೆ ತಾನು ಹಾಡುತ್ತಿತ್ತು. ಆರಿಸಲು ಕೈ ಚಾಚಿದಳು.

"ಇರಲಿ ಬಿಡು," ಕಂಬಕ್ಕೊರಗಿದ್ದ ಅವ್ವ ಹೇಳಿದಳು. "ಅದರ ಮುಖ ಮೆಟ್ಟಿಲ ಕಡೆ ತಿರುಗಿಸು. ಇಷ್ಟು ದಿನ ಮಕ್ಕಳು ಅದನ್ನು ನೋಡಿದ್ದಾಯಿತು, ಈಗ ಅದೂ ಒಂದಿಷ್ಟು ಮಕ್ಕಳನ್ನು ನೋಡಲಿ."