ತೊಟ್ಟಿಲಲ್ಲಿ ಮಲಗಿದ ಬಡ್ಡಿಲೆಕ್ಕ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಈಗಲೇ ಉದುರಿಬೀಳಲಿ. ಬೀಳಲಿಲ್ಲ, ನೋಡಿದಿರಲ್ಲ. ಈ ಕಥೆಯನ್ನು ನನ್ನಷ್ಟೇ ಚೆನ್ನಾಗಿ ಹೇಳುವವರು ಇನ್ನೊಬ್ಬರಿದ್ದರು. ಒಮ್ಮೆ ನನ್ನ ಬಾಯಲ್ಲಿ ಕೇಳಿದ ಮೇಲೆ ಅವರು ಕಥೆ ಬಿಟ್ಟು ಮದ್ದಳೆ ಕಲಿತರು.

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಲೆಕ್ಕ ಕಲಿಸುವ ಗುರುಗಳು. ಅವರಿಗೆ ಭರಮಣ್ಣನೆಂಬ ಶಿಷ್ಯ.

ಭರಮಣ್ಣ ಎಣಿಕೆಯಲ್ಲಿ ಎಂಥ ಗಟ್ಟಿಗನೆಂದರೆ, ಬೆಳ್ಳಕ್ಕಿ ಹಿಂಡು ತಲೆಯ ಮೇಲೆ ಹಾರಿಹೋಗುವಷ್ಟರಲ್ಲಿ ಕಾಲುಗಳನ್ನೆಲ್ಲ ಎಣಿಸಿ, ಎರಡರಿಂದ ಭಾಗಿಸಿ, ಇಷ್ಟು ಹಕ್ಕಿ ಎಂದುಬಿಡುತ್ತಿದ್ದ. ಒಮ್ಮೆ ಮಾತ್ರ ಅರ್ಧ ಹಕ್ಕಿ ಉಳಿಯಿತು. ಓಡಿಹೋಗಿ ನೋಡಿದರೆ ಒಂದು ಹಕ್ಕಿ ಒಂದು ಕಾಲು ಮಡಚಿಕೊಂಡು ಹಾರುತ್ತಿತ್ತು.

ಆದರೆ ಕಣ್ಣಿಗೆ ಕಾಣದ ಸಂಖ್ಯೆ ಎದುರಾಯಿತೋ, ಬರೆಯುವ ಕಡ್ಡಿ ಕೆಳಗಿಟ್ಟುಬಿಡುತ್ತಿದ್ದ.

ಒಂದು ಬೆಳಿಗ್ಗೆ ಅವನು ಮುಖ ಬಾಡಿಸಿಕೊಂಡು ಬಂದ.

"ಏನಪ್ಪಾ?" ಎಂದರು ಗುರುಗಳು.

"ನೀಲವ್ವನನ್ನು ನನಗೆ ಕೊಡಲು ಅವರಪ್ಪ ಒಪ್ಪಿದ್ದಾರೆ, ಗುರುಗಳೇ. ಆದರೆ ಒಂದು ಲೆಕ್ಕ ಬಿಡಿಸಬೇಕಂತೆ."

"ಹುಡುಗಿ ಏನಂತಾಳೆ?"

"ಅವಳು ಒಪ್ಪಿ ಬಹಳ ದಿನವಾಯಿತು. ನಾಳೆಯೊಳಗೆ ಬಿಡಿಸದಿದ್ದರೆ ಅಪ್ಪ ಬೇರೆ ವರ ನೋಡುತ್ತಾರೆ, ತಲೆ ಓಡಿಸು ಅಂತ ಹೇಳಿಕಳಿಸಿದ್ದಾಳೆ."

"ಲೆಕ್ಕ ಹೇಳು."

"ಅವರಪ್ಪ ಸಾವಿರ ರೂಪಾಯಿ ಹೂಡಿದ್ದಾರೆ. ಒಂದಿಷ್ಟು ಎಣ್ಣೆಗಾಣದಲ್ಲಿ, ವರ್ಷಕ್ಕೆ ನೂರಕ್ಕೆ ಐದರ ಬಡ್ಡಿ. ಉಳಿದದ್ದು ಬಟ್ಟೆ ಅಂಗಡಿಯಲ್ಲಿ, ನೂರಕ್ಕೆ ಎಂಟು. ವರ್ಷದ ಕೊನೆಗೆ ಎರಡೂ ಕಡೆಯಿಂದ ಒಟ್ಟು ಅರವತ್ತೆರಡು ರೂಪಾಯಿ ಬಡ್ಡಿ ಬಂತು. ಗಾಣದಲ್ಲಿ ಎಷ್ಟು, ಅಂಗಡಿಯಲ್ಲಿ ಎಷ್ಟು?"

"ಬರೆ ಮತ್ತೆ."

"ಏನಂತ ಬರೆಯಲಿ? ಗಾಣದಲ್ಲಿ ಎಷ್ಟಿದೆಯೋ ಗೊತ್ತಿಲ್ಲವಲ್ಲ. ಗೊತ್ತಾದ ಕೂಡಲೇ ಬರೆಯುತ್ತೇನೆ."

ಗುರುಗಳು ಒಳಗಡೆ ಬೆರಳು ತೋರಿಸಿದರು.

"ಅಡುಗೆಮನೆಯ ರುಬ್ಬುಗುಂಡು ಹೊತ್ತುಕೊಂಡು ಬಾ."

ಆ ಗುಂಡು ಎಷ್ಟು ಭಾರವೆಂದರೆ, ಅದನ್ನು ಕಂಡ ಆನೆಗಳು ದಾರಿ ಬದಲಿಸುತ್ತಿದ್ದವು. ನಾನಾಗಿದ್ದರೆ ಕಿರುಬೆರಳಲ್ಲಿ ತರುತ್ತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ಭರಮಣ್ಣ ಏದುಸಿರು ಬಿಡುತ್ತ ತಂದ.

ಅಷ್ಟರಲ್ಲಿ ಗುರುಗಳು ತಮ್ಮ ಪಂಚೆಯೊಂದನ್ನು ಹುಣಸೆ ಕೊಂಬೆಗೆ ತೊಟ್ಟಿಲಿನಂತೆ ಕಟ್ಟಿದ್ದರು.

"ಮಲಗಿಸು."

ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವ ಶಾಸ್ತ್ರ ಭರಮಣ್ಣನಿಗೂ ಗೊತ್ತಿತ್ತು. ಮಲಗಿಸಿ ಸುತ್ತಮುತ್ತ ನೋಡಿದ.

"ಕೂಸೆಲ್ಲಿ, ಗುರುಗಳೇ?"

"ಇದೇ. ಗಾಣದಲ್ಲಿರುವ ದುಡ್ಡು. ಹೆಸರಿಡು."

"ಎಷ್ಟಿದೆ ಅಂತ ತಿಳಿಯದೆ ಹೆಸರಿಡುವುದೇ?"

"ನಿನಗೆ ಹೆಸರಿಡುವಾಗ ನೀನು ಎಷ್ಟರವನು ಅಂತ ನಿಮ್ಮಪ್ಪನಿಗೆ ತಿಳಿದಿತ್ತೇ?"

ಭರಮಣ್ಣ ಬಗ್ಗಿದ. ಮತ್ತೆ ಎದ್ದ.

"ಕಿವಿ ಸಿಗುತ್ತಿಲ್ಲ."

"ಇದೆ ಅಂದುಕೋ."

ಅವನು ಮತ್ತೆ ಬಗ್ಗಿ, ಕಲ್ಲಿನ ಒಂದು ಪಕ್ಕ ಆರಿಸಿಕೊಂಡು, "ಗುಂಡ, ಗುಂಡ, ಗುಂಡ" ಎಂದು ಪಿಸುಗುಟ್ಟಿದ. ಉಳಿದ ಶಿಷ್ಯರು ಜೋಗುಳ ಹಾಡಿದರು. ಆವತ್ತು ಆಶ್ರಮದಲ್ಲಿ ಯಾರಿಗೂ ಚಟ್ನಿ ಸಿಗಲಿಲ್ಲ.

"ಅಂಗಡಿಯ ದುಡ್ಡಿಗೆ ಇನ್ನೊಂದು ಗುಂಡು ತರಲೇ?" ಎಂದ ಭರಮಣ್ಣ, ಸೊಂಟ ಹಿಡಿದುಕೊಂಡು.

"ನಿಮ್ಮವ್ವ ನಿಮ್ಮಪ್ಪನನ್ನು ಹೇಗೆ ಕರೆಯುತ್ತಾಳೆ?"

"ಅವರ ಹೆಸರು ಹೇಳುವುದಿಲ್ಲ. 'ಭರಮನ ಅಪ್ಪ' ಅಂತಾಳೆ."

"ಅಪ್ಪ ಬರುತ್ತಾನೋ?"

"ಊಟಕ್ಕೆ ಕರೆದರೆ ಓಡಿಬರುತ್ತಾರೆ."

"ಹಾಗಾದರೆ ಇನ್ನೊಂದು ಹೆಸರು ಯಾಕೆ? ಅಂಗಡಿಯ ದುಡ್ಡು ಗುಂಡನಿಗೆ ಏನಾಗಬೇಕು?"

ಭರಮಣ್ಣ ತೊಟ್ಟಿಲೊಳಗೆ ಇಣುಕಿದ. ಆಮೇಲೆ ಮೆಲ್ಲಗೆ ಹೇಳಿದ. "ಸಾವಿರದಲ್ಲಿ ಗುಂಡ ಹೋಗಿ ಉಳಿದದ್ದು."

ಗುರುಗಳು ತೊಟ್ಟಿಲು ತೂಗಿದರು. ಭರಮಣ್ಣ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬರೆಯತೊಡಗಿದ, ಬರೆಯುತ್ತಲೇ ಮಾತಾಡಿದ.

"ಗುಂಡನಿಗೆ ನೂರಕ್ಕೆ ಐದು. ಗುಂಡ ಹೋಗಿ ಉಳಿದದ್ದಕ್ಕೆ ನೂರಕ್ಕೆ ಎಂಟು. ಕೂಡಿದರೆ ಅರವತ್ತೆರಡು. ಗುಂಡ ಹುಟ್ಟದೇ ಇದ್ದಿದ್ದರೆ ಇಡೀ ಸಾವಿರಕ್ಕೆ ಎಂಬತ್ತು ಬರಬೇಕಿತ್ತು. ಹದಿನೆಂಟು ಕಡಿಮೆ. ಇದೆಲ್ಲ ಈ ಗುಂಡನದೇ ಕೆಲಸ, ಗುರುಗಳೇ. ತನ್ನ ಒಂದೊಂದು ನೂರಕ್ಕೂ ಮೂರು ಕಡಿಮೆ ತರುತ್ತಾನೆ ಇವನು. ಹದಿನೆಂಟು ಕಡಿಮೆಯಾಗಬೇಕಾದರೆ ಆರು ನೂರು."

ಅವನು ತೊಟ್ಟಿಲ ಕಡೆ ತಿರುಗಿದ. "ಗುಂಡ ಅಂದರೆ ಆರುನೂರು."

"ತಾಳೆ ಹಾಕಿ ನೋಡು."

"ಆರುನೂರಕ್ಕೆ ಮೂವತ್ತು. ನಾನೂರಕ್ಕೆ ಮೂವತ್ತೆರಡು. ಅರವತ್ತೆರಡು."

"ಕರೆದದ್ದಕ್ಕೆ ಬಂದ ನೋಡು," ಎಂದರು ಗುರುಗಳು.

ಭರಮಣ್ಣ ಅಂದೇ ಓಡಿದ. ದಾರಿಯಲ್ಲಿ ಅವನ ನೆರಳು ಹಿಂದೆ ಬಿದ್ದು, ಮರುದಿನ ದಾರಿ ಕೇಳಿಕೊಂಡು ಬಂತು.

ನೀಲವ್ವನ ಅಪ್ಪ ಜಗುಲಿಯ ಮೇಲೆ ಕೂತಿದ್ದರು.

"ಗಾಣದಲ್ಲಿ ಆರುನೂರು, ಅಂಗಡಿಯಲ್ಲಿ ನಾನೂರು," ಎಂದ ಭರಮಣ್ಣ.

"ಖಂಡಿತವಾಗಿ?"

"ಖಂಡಿತ. ಉತ್ತರ ನಿಮಗೇ ಗೊತ್ತಿದೆಯಲ್ಲ, ಮಾವನವರೇ."

ಮುದುಕರು ಉಸಿರು ಬಿಟ್ಟರು. "ಗೊತ್ತಿದ್ದರೆ ನಾನೇಕೆ ಕೇಳಲಿ? ಎಲ್ಲಿ ಎಷ್ಟು ಹಾಕಿದೆ ಅನ್ನುವುದೇ ಮರೆತುಹೋಗಿತ್ತು. ಮಗಳನ್ನು ಕೇಳಲು ಬಂದವರನ್ನೆಲ್ಲ ಕೇಳಿದೆ, ಒಬ್ಬನೂ ಹೇಳಲಿಲ್ಲ."

ಬಾಗಿಲ ಹಿಂದೆ ನೀಲವ್ವ ನಕ್ಕ ಸದ್ದು ಹೊಳೆಯಾಚೆಗೂ ಕೇಳಿಸಿತು. ಇಷ್ಟೂ ನಿಜ.

ಮದುವೆಯಾಯಿತು. ಗಂಡ ಹೆಂಡತಿ ಇಬ್ಬರೂ ಆಶ್ರಮಕ್ಕೆ ಬಂದು ಗುರುಗಳ ಕಾಲಿಗೆ ನಮಸ್ಕರಿಸಿದರು.

ಭರಮಣ್ಣ ಎದ್ದು ತಲೆ ಕೆರೆದುಕೊಂಡ. "ಬಡ್ಡಿಲೆಕ್ಕ ಬಂತು, ಗುರುಗಳೇ. ಇನ್ನು ಸಂಸಾರ. ಅದರಲ್ಲಿ ಏನೇನು ಬರುತ್ತದೋ, ಎಷ್ಟೆಷ್ಟು ಬರುತ್ತದೋ, ಒಂದೂ ಗೊತ್ತಿಲ್ಲ."

"ಇವರು ದಾರಿಯುದ್ದಕ್ಕೂ ಇದನ್ನೇ ಹೇಳಿದ್ದಾರೆ," ಎಂದಳು ನೀಲವ್ವ.

ಗುರುಗಳು ಹುಣಸೆಮರದ ಕಡೆ ಕೈ ತೋರಿಸಿದರು.

"ಗುಂಡು ಇಲ್ಲೇ ಇರಲಿ, ಚಟ್ನಿಗೆ ಬೇಕು. ತೊಟ್ಟಿಲು ಬಿಚ್ಚಿಕೊಂಡು ಹೋಗಿ."

ಒಂದು ಸಣ್ಣ ಸಂಗತಿ ಮಾತ್ರ ನಾನು ಸೇರಿಸಿದ್ದು. ಶಿಷ್ಯನ ಹೆಸರು ಏನೆಂದು ನನಗೆ ತಿಳಿಯದು. ಭರಮಣ್ಣ ಅಂತ ಒಂದು ಇಟ್ಟು ಕರೆದೆ, ಬಂದ.