ಲಾರಿಯೊಳಗೆ ಕೂತವನು

“ಗುರುಗಳೇ, ಈಗಷ್ಟೇ ಅವ್ವ ಬಂದಿದ್ದಳು. ಧ್ಯಾನಕ್ಕೆ ಕೂತಿದ್ದ ನಾನು ಅಲುಗಲಿಲ್ಲ. ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿ ಬಸ್ಸಿಗೆಂದು ಹೊರಟುಹೋದಳು. ಮೋಹವನ್ನು ಕತ್ತರಿಸಿದ್ದೇನೆ ಎಂದು ತಿಳಿಯಲೇ?” ಎಂದು ಮಡಿವಾಳಯ್ಯ ಕೇಳಿದ. ಅವನು ಮಠ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿ, “ಭಲೆ ತಮ್ಮಾ, ದೊಡ್ಡ ಕೆಲಸವನ್ನೇ ಮಾಡಿದ್ದೀಯ. ಒಂದು ಕತೆ ಕೇಳು” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಶಲಕರ್ಮಿ ಇದ್ದ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಲಾರಿ, ರೈಲು, ಹಡಗುಗಳನ್ನು ಮಾಡುವುದು ಅವನ ಕಸುಬು. ಅಳತೆಯ ವಿಷಯದಲ್ಲಿ ಮಹಾ ಹಟಮಾರಿ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅವನ ಬಳಿ ಒಬ್ಬ ಹೆಂಗಸು ಬಂದಳು. ಅವಳ ಗಂಡ ಲಾರಿ ಓಡಿಸುತ್ತಿದ್ದ. ದೂರದ ಊರಿಗೆ ಹೋದವನು ದಾರಿಯಲ್ಲೇ ಕಾಯಿಲೆ ಬಿದ್ದು ತೀರಿಕೊಂಡ. ಲಾರಿಯನ್ನು ಬೇರೆ ಯಾರೋ ಓಡಿಸಿಕೊಂಡು ಬಂದರು. ಆ ಲಾರಿಯನ್ನೇ ಪುಟ್ಟದಾಗಿ ಮಾಡಿಕೊಡು, ಒಳಗೆ ಅವರು ಕೂತಿರಬೇಕು ಎಂದು ಹೇಳಿ, ಗಂಡನ ಫೋಟೋ ಕೊಟ್ಟು ಹೋದಳು.

ಲಾರಿ ಅಳತೆಗೆ ಸರಿಯಾಗಿ ಸಿದ್ಧವಾಯಿತು. ಆದರೆ ಪೆಟ್ಟಿಗೆಯಲ್ಲಿದ್ದ ಚಾಲಕನ ಗೊಂಬೆ ಅಳತೆ ಮೀರಿ ದೊಡ್ಡದಾಗಿತ್ತು. ಯಂತ್ರವನ್ನು ಅಳೆದು ಮಾಡಿದವರು ಮನುಷ್ಯನನ್ನು ಅಂದಾಜಿನಲ್ಲಿ ಮಾಡಿದ್ದರು. ಲೋಕ ಇರುವುದೇ ಹಾಗಲ್ಲವೇ? ಸೀಟಿನಲ್ಲಿ ಕೂರಿಸಿದರೆ ತಲೆ ಚಾವಣಿಗೆ ತಾಗುತ್ತಿತ್ತು, ಮೊಣಕಾಲು ಸ್ಟೇರಿಂಗಿಗೆ ಅಡ್ಡ ಬರುತ್ತಿತ್ತು. ಅವನು ಅದರ ಕುಂಡೆಯನ್ನು ಅರದಿಂದ ಉಜ್ಜಿದ, ಕಾಲುಗಳನ್ನು ತೊಡೆಯ ಬಳಿಯೇ ಕೊಯ್ದು ಎಸೆದ. ಆ ಕಸುಬಿನವರೆಲ್ಲ ಹಾಗೇ ಮಾಡುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಕಾಲನ್ನು ಯಾರು ನೋಡುತ್ತಾರೆ? ಮುಖವನ್ನು ಮಾತ್ರ ಫೋಟೋ ನೋಡಿ ನೋಡಿ ತಿದ್ದಿದ. ಕಿಟಕಿಯ ಮೇಲೆ ಮೊಣಕೈ ಇಡಿಸಿದ.

ಹೆಂಗಸು ಬಂದು ಕಿಟಕಿಯಲ್ಲಿ ಇಣುಕಿದಳು. ಇವರೇ, ಇವರೇ ಎಂದು ಅತ್ತಳು. ಕುಶಲಕರ್ಮಿಗೆ ಎದೆ ತುಂಬಿ ಬಂತು. ತನ್ನ ಕೈ ಸಾರ್ಥಕವಾಯಿತು ಎಂದುಕೊಂಡ.

ಕಣ್ಣೊರೆಸಿಕೊಂಡ ಮೇಲೆ ಅವಳು ಮೆಲ್ಲಗೆ ಕೇಳಿದಳು: “ಇವರನ್ನು ಒಂದು ಸಲ ಇಳಿಸಿ ಕೊಡಪ್ಪ. ಲಾರಿಯಲ್ಲಿ ಕೂತು ಹೋಗುವುದನ್ನು ಜನ್ಮವಿಡೀ ನೋಡಿದ್ದೇನೆ. ಮನೆ ಮುಂದೆ ಇಳಿದು ನಿಂತರೆ ನನಗೆ ಜೀವ ಬರುತ್ತಿತ್ತು.”

ಅವನು ಅಂಟು ಗಟ್ಟಿಯಾಗಿದೆ ಎಂದ. ಬಣ್ಣ ಕೆಡುತ್ತದೆ ಎಂದ. ಕೆಟ್ಟರೆ ಕೆಡಲಿ ಎಂದಳು ಅವಳು. ಕೊನೆಗೆ ಬೇರೆ ದಾರಿಯಿಲ್ಲದೆ ತಲೆ ತಗ್ಗಿಸಿ, ಕಾಲು ಕೊಯ್ದಿದ್ದನ್ನು ಹೇಳಿದ.

ಅವಳು ಬೈಯಲಿಲ್ಲ. “ಹಾಗಾದರೆ ಇವರು ಇನ್ನು ಇಳಿಯುವುದಿಲ್ಲ” ಎಂದಳು. ಲಾರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಯ ಕಡೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಆ ತಾಯಿ ಮುಂದೆ ಏನು ಮಾಡಿದಳು ಎಂದು ಮಡಿವಾಳಯ್ಯ ಕೇಳಿದ.

“ಅದನ್ನು ಕೇಳುತ್ತಾ ಕೂರಬೇಡ ತಮ್ಮಾ, ನಿನಗೆ ಕಾಲಿದೆ, ನಿನ್ನವ್ವನ ಬಸ್ಸು ಇನ್ನೂ ಹೊರಟಿಲ್ಲ.”