ಮುದ್ದಮ್ಮ ಜಾಗ ಕೊಂಡದ್ದು

ಬನ್ರೋ, ಹತ್ರ ಬಂದು ಕೂತ್ಕೊಳ್ಳಿ. ಗದ್ದಲ ಮಾಡಿದ್ರೆ ಕತೆ ಎದ್ದು ಹೋಗುತ್ತೆ, ಆಮೇಲೆ ನನ್ನ ಬೈಬೇಡಿ.

ಹೊನ್ನಗಿರಿ ಅಂತ ಒಂದು ರಾಜ್ಯ. ಅಲ್ಲಿ ಮುದ್ದಮ್ಮ ಅಂತ ಒಬ್ಬಳು ಬಳೆಗಾರ್ತಿ. ಊರೂರು ಸುತ್ತಿ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿದವಳು, ಪಾಪ, ತನಗೊಂದು ಮನೆಯಿಲ್ಲ. ತಲೆ ಮೇಲಿನ ಬುಟ್ಟಿ ಇಳಿಸೋಕೆ ಸ್ವಂತದ್ದೊಂದು ಜಗಲಿ ಬೇಕು ಅನ್ನೋದೇ ಅವಳ ಆಸೆ. ಆಸ್ತಿ ಅಂದ್ರೆ ಅವರವ್ವ ಕೊಟ್ಟ ಚಿನ್ನದ ಕಡಗ ಒಂದೇ. ಅದು ಹೋಯ್ತು ಅಂದ್ರೆ ಮುಗೀತು.

ಬಿರುಬೇಸಿಗೆ. ಜಾಗ ಮಾರೋ ಜವರಯ್ಯ ಸಿಕ್ಕಿದ, ದಿಣ್ಣೆ ಕೆಳಗಿನ ಬಯಲಿಗೆ ಕರ್ಕೊಂಡು ಹೋದ. ಬಾಯಲ್ಲಿ ಬರೀ ಬೆಣ್ಣೆ!

"ಅಂಗೈ ಹಂಗೆ ಸಮವಾಗಿದೆ ನೋಡಕ್ಕಾ ಜಾಗ! ಕಡಗ ಕೊಡು, ತಗೋ. ಬೇಗ, ಇನ್ನೊಬ್ರು ಕಾಯ್ತಾವ್ರೆ."

ಮುದ್ದಮ್ಮನಿಗೆ ಆಗಲೇ ಜಗಲಿ ಕಣ್ಣಿಗೆ ಕಟ್ಟಿತ್ತು. ಆದ್ರೂ ಅಂದಳು, "ತಾಳಪ್ಪ, ಇಲ್ಲಿರೋರನ್ನ ಒಂದು ಮಾತು ಕೇಳ್ತೀನಿ."

ಇರುವೆಯನ್ನ ಕೇಳಿದಳು, "ನಿನ್ನ ಗೂಡೆಲ್ಲಮ್ಮ?"

"ಅಗೋ, ದಿಣ್ಣೆ ಮೇಲೆ. ಇಲ್ಲಿಗೆ ಕಾಳು ಹೊರೋಕೆ ಬರ್ತೀನಿ ಅಷ್ಟೇ."

ಮಾರನೇ ದಿನ ಜವರಯ್ಯ ಮತ್ತೆ ಬಂದ. "ಬೇಗ ಅಕ್ಕಾ, ಬೇಗ!" ಅವಳು ಇಲೀನೂ ಅದನ್ನೇ ಕೇಳಿದಳು.

"ಬೇಸಿಗೇಲಿ ಇಲ್ಲೇ. ಮಳೆ ಶುರುವಾದ್ರೆ ಮರಿ ಕಚ್ಕೊಂಡು ದಿಣ್ಣೆಗೆ ಓಟ."

ಅದರ ಮಾರನೇ ದಿನಾನೂ ಅದೇ "ಬೇಗ, ಬೇಗ." ಮುದ್ದಮ್ಮ ನೆಲ ಕೆರೆದು ನೋಡಿದಳು. ಒಳಗೊಂದು ಕಪ್ಪೆ ಮಲಗಿತ್ತು!

"ಯಾರದು ಎಬ್ಬಿಸೋದು? ಮಳೆಗಾಲಕ್ಕೆ ಕೆರೆ ಉಬ್ಬಿ ಇಲ್ಲಿವರೆಗೂ ಬರುತ್ತೆ, ಆವಾಗ ಏಳ್ತೀನಿ. ಹೋಗತ್ಲಾಗೆ!" ಅಂತ ಗೊಣಗಿ ಮತ್ತೆ ನಿದ್ದೆ ಹೋಯ್ತು.

ಮುದ್ದಮ್ಮನಿಗೆ ಅಳು ಬಂತು, ಆಮೇಲೆ ಸಿಟ್ಟು, ಆಮೇಲೆ ನಗು. ಊರವರೆಲ್ಲ ಸೇರಿದ್ದಾಗ ಅಂದಳು:

"ತಗೋತೀನಿ ಜವರಣ್ಣ. ಹೊಸ ಜಾಗದಲ್ಲಿ ಹಾಲು ಉಕ್ಕಿಸ್ಬೇಕಲ್ಲ? ಮೊದಲ ಮಳೆ ದಿನ ನೀನೇ ಉಕ್ಕಿಸು. ಉಕ್ಕಿದ್ದು ನೋಡಿ ಕಡಗ ಕೊಡ್ತೀನಿ."

ಒಲ್ಲೆ ಅಂದ್ರೆ ಬಣ್ಣ ಬಯಲು. ಮೊದಲ ಮಳೆ ತಾನೇ, ಎಷ್ಟು ಬಂದೀತು ಅಂತ ಜವರಯ್ಯ ಹೂಂಗುಟ್ಟಿದ.

ಬಂತು ನೋಡಿ ಮಳೆ! ಒಲೆ ಹಚ್ಚಿದ, ಆರಿತು. ನೀರು ಪಾದಕ್ಕೆ ಬಂತು. ಹಚ್ಚಿದ, ಆರಿತು, ಮಂಡಿಗೆ ಬಂತು. ಮತ್ತೆ ಹಚ್ಚೋಕೆ ಹೋದ, ಹಾಲಿನ ಮಡಕೆ ತೇಲ್ಕೊಂಡೇ ಹೋಯ್ತು. ಜವರಯ್ಯ ಜಾಲಿಮರ ಹತ್ತಿದ. ಮುಳ್ಳು ಬೇರೆ!

"ಅಕ್ಕಾ, ಕಾಪಾಡಕ್ಕಾ!"

ಕಪ್ಪೆ ವಟಗುಟ್ಟಿತು. ದಿಣ್ಣೆ ಮೇಲೆ ನಿಂತು ನೋಡ್ತಿದ್ದ ಊರೆಲ್ಲ ನಕ್ಕಿತು. ಮುದ್ದಮ್ಮ ಮಾತ್ರ ಹಗ್ಗ ಎಸೆದು ಎಳ್ಕೊಂಡಳು, ಸೆರಗಲ್ಲಿ ಅವನ ತಲೆ ಒರೆಸಿದಳು.

"ಈಗ ಹೇಳಪ್ಪ, ನಿನ್ನ ಮನೆ ಎಲ್ಲಿದೆ?"

"ದಿಣ್ಣೆ ಮೇಲೆ ಅಕ್ಕಾ."

"ಹಂಗಾದ್ರೆ ನಂಗೂ ಅಲ್ಲೇ ಕೊಡು."

ಊರೆದುರಿಗೆ ಇನ್ನೇನಂದಾನು? ತನ್ನ ಮನೆ ಪಕ್ಕದ ಜಾಗವನ್ನೇ ಕೊಟ್ಟ. ಅಲ್ಲಿ ಹಾಲು ಉಕ್ಕಿತು, ಕಡಗ ಕೈ ಬದಲಾಯ್ತು. ಮುದ್ದಮ್ಮ ತನ್ನ ಜಗಲಿ ಮೇಲೆ ಬುಟ್ಟಿ ಇಳಿಸಿದ ದಿನ, ಮೊದಲು ಬಳೆಗೆ ಕೈಯೊಡ್ಡಿದವಳು ಯಾರು ಗೊತ್ತಾ? ಜವರಯ್ಯನ ಹೆಂಡತಿ!

ಅದಕ್ಕೇ ಹೇಳೋದು ಮಕ್ಕಳಾ. ಜಾಗ ಕೊಳ್ಳೋವಾಗ ಯಾರೇ ಬೇಗ ಬೇಗ ಅಂದ್ರೂ ನಿಧಾನ ಮಾಡಿ. ಅಕ್ಕಪಕ್ಕದವರನ್ನ ಕೇಳಿ, ಮಳೇಲೂ ಹೋಗಿ ನೋಡಿ. ಮಾರೋನು ತಾನೇ ಬಾಳದ ನೆಲಕ್ಕೆ ನಿಮ್ಮವ್ವನ ಕಡಗ ಬಿಚ್ಚಬೇಡಿ.

ಸರಿ, ಏಳಿ. ಹಾಲು ಕುಡಿದು ಮಲ್ಕೊಳ್ಳಿ.